ವೈದ್ಯವಿದ್ಯಾಲಯದ ಬಾಗಿಲಲ್ಲಿ ಪದವೀಧರರು: ವೃತ್ತಿ ಬದಲಿಸಿದವರ ಪ್ರವೇಶಾರ್ಜಿಯ ಚರಿತ್ರೆ

ಬಿ.ಎ. ಪದವಿಯನ್ನು ಪಡೆದು ನಾಲ್ಕಾರು ವರ್ಷ ಉಪಾಧ್ಯಾಯರಾಗಿಯೋ ಕಚೇರಿಯ ನೌಕರರಾಗಿಯೋ ಕೆಲಸ ಮಾಡಿದ ಮೇಲೆ ವೈದ್ಯರಾಗಬೇಕೆಂಬ ಹಂಬಲ ಹುಟ್ಟಿದವರು ಯಾವ ಕಾಲೇಜಿನ ಹಳೆಯ ವಿದ್ಯಾರ್ಥಿಗಳಲ್ಲಿಯೂ ಒಬ್ಬಿಬ್ಬರಾದರೂ ಇರುತ್ತಾರೆ. ಅವರು ನಮ್ಮಲ್ಲಿಗೆ ಬಂದು ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ: ಇಷ್ಟು ತಡವಾಗಿ, ಇಂಥ ಹಿನ್ನೆಲೆಯಿಂದ ಬಂದವರ ಅರ್ಜಿಯನ್ನು ಯಾರಾದರೂ ಲೆಕ್ಕಕ್ಕೆ ತೆಗೆದುಕೊಳ್ಳುವರೇ? ತೆಗೆದುಕೊಳ್ಳುವಂತೆ ಮಾಡಲು ಅದಕ್ಕೆ ಯಾವ ಬಲವನ್ನು ಕೂಡಿಸಬೇಕು? ಚರಿತ್ರೆಯ ಅಭ್ಯಾಸಿಗಳಾದ ನಾವು ಇದಕ್ಕೆ ಸಲಹೆಗಾರರಂತೆ ಉತ್ತರ ಕೊಡಲಾರೆವು. ಆದರೆ ಈ ಪ್ರಶ್ನೆಗೆ ತನ್ನದೇ ಆದ ಒಂದು ಚರಿತ್ರೆಯುಂಟು. ಅದನ್ನು ಕುರಿತು ಕನ್ನಡದಲ್ಲಿ ವಿಚಾರ ನಡೆದಿರುವುದು ಕಡಮೆ. ಅರ್ಜಿಯ ಬಲವೆಂದರೆ ಏನು ಎಂಬ ಭಾವನೆಯೇ ಕಾಲಕಾಲಕ್ಕೆ ಬದಲಾಗಿದೆ. ಬಾಗಿಲು ಕಾಯುವವರು ಯಾವ ಕಾಲದಲ್ಲಿ ಯಾವುದಕ್ಕೆ ಅಂಜಿದರೋ ಅದಕ್ಕೆ ಪರಿಹಾರವಾಗಿ ತೋರಿದ್ದೇ ಆ ಕಾಲದಲ್ಲಿ ಬಲವೆನಿಸಿತು. ಹಿಂದಿನ ಬದುಕು ಕೆಲವರ ಪಾಲಿಗೆ ಭಾರವಾಯಿತು, ಕೆಲವರ ಪಾಲಿಗೆ ಮೂಲಧನವಾಯಿತು. ಈ ಅಂತರಕ್ಕೆ ಕಾರಣವೇನೆಂಬುದನ್ನು ಕೆಲವು ವ್ಯಕ್ತಿಗಳ ಮತ್ತು ಕೆಲವು ನಿಯಮಗಳ ಮೂಲಕ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಅಮೆರಿಕದ ವೈದ್ಯಶಾಲೆಗಳಲ್ಲಿ ಹೆಚ್ಚಿನವು ಅಲ್ಲಿನ ಅಧ್ಯಾಪಕರ ಸ್ವಂತ ಉದ್ಯಮಗಳಂತೆ ನಡೆಯುತ್ತಿದ್ದುವು. ವಿದ್ಯಾರ್ಥಿಯು ತೆತ್ತ ಶುಲ್ಕವೇ ಅಧ್ಯಾಪಕನ ವರಮಾನ. ಪದವಿಗೆ ಬೇಕಾಗಿದ್ದುದು ಕೆಲವೇ ತಿಂಗಳುಗಳ ಎರಡು ಪಾಠಾವಧಿಗಳು. ಎರಡನೆಯ ಅವಧಿಯಲ್ಲಿ ಮೊದಲನೆಯದರ ಉಪನ್ಯಾಸಗಳೇ ಮತ್ತೊಮ್ಮೆ ನಡೆಯುತ್ತಿದ್ದುವು. ಇದರ ಜೊತೆಗೆ, ಅನುಭವಸ್ಥನಾದ ವೈದ್ಯನೊಬ್ಬನ ಕೈಕೆಳಗೆ ಸುಮಾರು ಮೂರು ವರ್ಷ ಓದಿರಬೇಕೆಂಬ ಪದ್ಧತಿಯಿತ್ತು. ಈ ಗುರುವೈದ್ಯನು ಬರೆದುಕೊಡುವ ಪತ್ರವೇ ಅರ್ಜಿಯ ಜೀವಾಳ. ಹಿಂದೆ ಎಲ್ಲಿ ಏನನ್ನು ಓದಿದೆ ಎಂದು ಕೇಳುವವರು ವಿರಳವಾಗಿದ್ದರು. ಹೀಗಿರಲು, ಬೇರೆ ಕಸುಬಿನಿಂದ ಬಂದವನಿಗೆ ಆ ಕಾಲದಲ್ಲಿ ಬಾಗಿಲು ಸಾಕಷ್ಟು ಅಗಲವಾಗಿಯೇ ಇತ್ತು. ಅವನು ಬಿಳಿಯ ಜನಾಂಗದ ಗಂಡಸಾಗಿದ್ದರೆ ಮಾತ್ರ.

ಎಲಿಜಬೆತ್ ಬ್ಲ್ಯಾಕ್‌ವೆಲ್ ಅವರ ಕಥೆಯನ್ನು ಸ್ತ್ರೀಯರ ಚರಿತ್ರೆಯ ಭಾಗವಾಗಿ ನಾವೆಲ್ಲರೂ ಓದಿರುತ್ತೇವೆ. ಅದನ್ನು ವೃತ್ತಿ ಬದಲಿಸಿದ ಅರ್ಜಿದಾರರೊಬ್ಬರ ಕಥೆಯಾಗಿಯೂ ಓದಬಹುದು. ೧೮೨೧ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಅಮೆರಿಕಕ್ಕೆ ಹೋದ ಅವರು ತಂದೆ ತೀರಿಕೊಂಡ ಮೇಲೆ ಹೊಟ್ಟೆಪಾಡಿಗಾಗಿ ಉಪಾಧ್ಯಾಯ ವೃತ್ತಿಯನ್ನು ಹಿಡಿದರು. ಅವರಿಗೆ ವಿಶ್ವವಿದ್ಯಾನಿಲಯದ ಪದವಿಯಿರಲಿಲ್ಲ. ಅಂದು ಹೆಂಗಸರಿಗೆ ಅದು ಸುಲಭವಾಗಿ ಸಿಗುವಂಥದೂ ಆಗಿರಲಿಲ್ಲ. ರೋಗದಿಂದ ನರಳುತ್ತಿದ್ದ ಗೆಳತಿಯೊಬ್ಬರು, ತಮಗೆ ಹೆಂಗಸೊಬ್ಬಳು ಚಿಕಿತ್ಸೆ ಮಾಡಿದ್ದರೆ ಸಂಕಟದ ಬಹುಭಾಗ ತಪ್ಪುತ್ತಿತ್ತೆಂದು ಹೇಳಿದ ಮಾತು ಅವರನ್ನು ವೈದ್ಯಕ್ಕೆ ತಿರುಗಿಸಿತು. ಶರೀರಕ್ಕೆ ಸಂಬಂಧಿಸಿದುದೆಲ್ಲವೂ ಅಲ್ಲಿಯವರೆಗೆ ಅವರಿಗೆ ಹೇಸಿಗೆಯ ವಿಷಯವಾಗಿತ್ತೆಂಬುದನ್ನು ಅವರೇ ತಮ್ಮ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ.

ಅವರು ಮಾಡಿಕೊಂಡ ಸಿದ್ಧತೆಯ ಕ್ರಮ ಗಮನಾರ್ಹವಾದುದು. ೧೮೪೫ರಲ್ಲಿ ಉತ್ತರ ಕೆರೊಲೈನಾದ ಆಶ್‌ವಿಲ್‌ನಲ್ಲಿ ಪಾದ್ರಿಯೊಬ್ಬರ ಶಾಲೆಯಲ್ಲಿ ಉಪಾಧ್ಯಾಯಿನಿಯಾದರು. ಆ ಪಾದ್ರಿ ಜಾನ್ ಡಿಕ್ಸನ್ ಹಿಂದೆ ವೈದ್ಯರಾಗಿದ್ದವರು; ಅವರ ಮನೆಯಲ್ಲಿ ವೈದ್ಯಗ್ರಂಥಗಳಿದ್ದುವು. ಮರುವರ್ಷ ಚಾರ್ಲ್ಸ್‌ಟನ್‌ನಲ್ಲಿ ಸಂಗೀತಪಾಠ ಹೇಳುತ್ತ, ಆ ಪಾದ್ರಿಯ ಸಹೋದರರೂ ವೈದ್ಯರೂ ಆದ ಸ್ಯಾಮ್ಯುಯೆಲ್ ಹೆನ್ರಿ ಡಿಕ್ಸನ್ ಅವರ ಗ್ರಂಥಭಂಡಾರದಲ್ಲಿ ಓದಿದರು. ಪಾಠದಿಂದ ಬಂದ ಹಣವನ್ನು ಮುಂದಿನ ಶುಲ್ಕಕ್ಕಾಗಿ ಕೂಡಿಟ್ಟರು. ಆಶ್‌ವಿಲ್‌ನಲ್ಲಿದ್ದಾಗ ಸಹೋದ್ಯೋಗಿಯೊಬ್ಬರು ಸತ್ತ ಜೀರುಂಡೆಯೊಂದನ್ನು ತಂದುಕೊಟ್ಟು, ಅಂಗರಚನೆಯ ಅಭ್ಯಾಸವನ್ನು ಇದರಿಂದಲೇ ಆರಂಭಿಸಿರೆಂದು ನಗೆಯಾಡಿದರಂತೆ. ಬ್ಲ್ಯಾಕ್‌ವೆಲ್ ಅದನ್ನು ಚಿಪ್ಪೊಂದರಲ್ಲಿಟ್ಟು, ತಲೆಯ ಕೂದಲಿಗೆ ಸಿಕ್ಕಿಸುವ ಪಿನ್ನಿನಿಂದ ಒತ್ತಿ ಹಿಡಿದು, ಕಿರುಚಾಕುವಿನಿಂದ ಕೊಯ್ಯಲು ಬಹಳ ಹೊತ್ತು ಹಿಂಜರಿದರು. ಕೊನೆಗೆ ಕೊಯ್ದಾಗ ಒಳಗೆ ಸಿಕ್ಕಿದ್ದು ಹಳದಿಯ ಪುಡಿ ಮಾತ್ರ. ಆದರೂ ಅಂದು ತಮ್ಮೊಡನೆಯೇ ನಡೆಸಿದ ಆ ಹೋರಾಟ ವ್ಯರ್ಥವಾಗಲಿಲ್ಲವೆಂದು ಅವರು ಭಾವಿಸಿದ್ದರು. ೧೮೪೭ರಲ್ಲಿ ಫಿಲಡೆಲ್ಫಿಯಾಕ್ಕೆ ಬಂದು ಅಲೆನ್ ಎಂಬ ವೈದ್ಯರಲ್ಲಿ ಖಾಸಗಿಯಾಗಿ ಅಂಗರಚನಾಶಾಸ್ತ್ರವನ್ನು ಕಲಿತಾಗ, ಮನುಷ್ಯನ ಮಣಿಕಟ್ಟಿನ ಸ್ನಾಯುರಜ್ಜುಗಳ ಜೋಡಣೆಯನ್ನು ಕಂಡು ಅವರಿಗೆ ಹೇಸಿಗೆಯ ಬದಲು ಸೌಂದರ್ಯವೇ ಕಾಣಿಸಿತು.

ಅವರ ಅರ್ಜಿಗಳನ್ನು ಫಿಲಡೆಲ್ಫಿಯಾದ ಮತ್ತು ನ್ಯೂಯಾರ್ಕಿನ ದೊಡ್ಡ ಶಾಲೆಗಳು ತಿರಸ್ಕರಿಸಿದುವು. ನ್ಯೂಯಾರ್ಕ್ ಪ್ರಾಂತದ ಜಿನೀವಾ ಎಂಬ ಸಣ್ಣ ಊರಿನ ಕಾಲೇಜಿಗೆ ಫಿಲಡೆಲ್ಫಿಯಾದ ಗಣ್ಯವೈದ್ಯ ಜೋಸೆಫ್ ವಾರಿಂಗ್‌ಟನ್ ಅವರ ಪತ್ರ ಹೋಯಿತು. ಅಲ್ಲಿನ ಅಧ್ಯಾಪಕರು ಆ ಪತ್ರವನ್ನು ನೇರವಾಗಿ ತಳ್ಳಿಹಾಕಲು ಅಳುಕಿ, ನಿರ್ಣಯವನ್ನು ವಿದ್ಯಾರ್ಥಿಗಳ ಮೇಲೆ ಹೊರಿಸಿದರು. ವಿದ್ಯಾರ್ಥಿಗಳು ಇದೊಂದು ತಮಾಷೆಯೆಂದೇ ಬಗೆದು ಒಮ್ಮತದಿಂದ ಒಪ್ಪಿಗೆ ಕೊಟ್ಟರು. ೧೮೪೭ರ ನವೆಂಬರಿನಲ್ಲಿ, ತಮ್ಮ ೨೬ನೆಯ ವಯಸ್ಸಿನಲ್ಲಿ, ಬ್ಲ್ಯಾಕ್‌ವೆಲ್ ತರಗತಿಗೆ ಬಂದು ಕುಳಿತರು. ೧೮೪೯ರ ಜನವರಿಯಲ್ಲಿ ಪದವಿಯನ್ನು ಪಡೆದರು. ಸಾಮಾನ್ಯವಾಗಿ ಈ ಕಥೆಯಲ್ಲಿ ವಿದ್ಯಾರ್ಥಿಗಳ ಹುಡುಗಾಟಕ್ಕೇ ಪ್ರಾಧಾನ್ಯ ಸಲ್ಲುತ್ತದೆ. ನಮಗೆ ಮುಖ್ಯವಾಗಿ ತೋರುವುದು ಅಧ್ಯಾಪಕರ ಅಳುಕು. ಒಬ್ಬ ಗೌರವಾನ್ವಿತ ವೈದ್ಯರ ಪತ್ರ, ಖಾಸಗಿಯಾಗಿ ನಡೆಸಿದ ಓದು, ಕೊಯ್ದು ನೋಡಿದ ಅನುಭವ ಇವು ಇಲ್ಲದಿದ್ದರೆ ಅವರು ಅಳುಕುವ ಪ್ರಸಂಗವೇ ಒದಗುತ್ತಿರಲಿಲ್ಲ.

ಅಗಲವಾಗಿದ್ದ ಈ ಬಾಗಿಲು ಮುಂದಿನ ಅರ್ಧ ಶತಮಾನದಲ್ಲಿ ಇನ್ನೊಂದು ರೀತಿಯಲ್ಲಿ ಕಿರಿದಾಯಿತು. ೧೮೯೩ರಲ್ಲಿ ಬಾಲ್ಟಿಮೋರ್‌ನಲ್ಲಿ ಜಾನ್ಸ್ ಹಾಪ್ಕಿನ್ಸ್ ವೈದ್ಯಶಾಲೆ ಆರಂಭವಾಯಿತು. ಅದಕ್ಕೆ ಬೇಕಾದ ಹಣದ ಬಹುಭಾಗವನ್ನು, ಮೂರು ಲಕ್ಷ ಡಾಲರಿಗೂ ಹೆಚ್ಚಿನ ಮೊತ್ತವನ್ನು, ಕೊಟ್ಟವರು ಮೇರಿ ಎಲಿಜಬೆತ್ ಗ್ಯಾರೆಟ್. ಹೆಂಗಸರನ್ನು ಗಂಡಸರಿಗೆ ಸಮಾನವಾಗಿ ಸೇರಿಸಿಕೊಳ್ಳಬೇಕೆಂಬುದು ಅವರ ಷರತ್ತುಗಳಲ್ಲೊಂದು. ಸೇರುವವರು ಪದವೀಧರರಾಗಿರಬೇಕು, ವಿಜ್ಞಾನಗಳಲ್ಲಿ ತಳಹದಿಯಿರಬೇಕು, ಫ್ರೆಂಚ್ ಮತ್ತು ಜರ್ಮನ್ ಭಾಷೆಗಳನ್ನು ಓದಬಲ್ಲವರಾಗಿರಬೇಕು ಎಂಬುದು ಇನ್ನೊಂದು. ಇಷ್ಟು ಕಠಿಣವಾದ ನಿಯಮಗಳನ್ನು ನೋಡಿ ಪ್ರಾಧ್ಯಾಪಕ ವಿಲಿಯಂ ಆಸ್ಲರ್ ತಮ್ಮ ಸಹೋದ್ಯೋಗಿ ವೆಲ್ಚ್ ಅವರಿಗೆ, ನಾವು ಪ್ರಾಧ್ಯಾಪಕರಾಗಿ ಒಳಗೆ ಬಂದದ್ದೇ ಪುಣ್ಯ, ವಿದ್ಯಾರ್ಥಿಗಳಾಗಿ ಬರಲು ನಮ್ಮಿಂದಾಗುತ್ತಿರಲಿಲ್ಲ ಎಂಬ ಅರ್ಥದಲ್ಲಿ ವಿನೋದವಾಡಿದರೆಂದು ಪ್ರತೀತಿಯಿದೆ.

ಹಾಪ್ಕಿನ್ಸಿನ ಮಾದರಿಯನ್ನು ಇಡೀ ದೇಶದ ಅಳತೆಗೋಲಾಗಿ ಮಾಡಿದ್ದು ೧೯೧೦ರಲ್ಲಿ ಕಾರ್ನೆಗೀ ಪ್ರತಿಷ್ಠಾನವು ಪ್ರಕಟಿಸಿದ ಏಬ್ರಹಾಂ ಫ್ಲೆಕ್ಸ್‌ನರ್ ಅವರ ವರದಿ. ಅಮೆರಿಕ ಮತ್ತು ಕೆನಡಾಗಳ ೧೫೫ ಶಾಲೆಗಳನ್ನು ಪರಿಶೀಲಿಸಿ, ಅವುಗಳಲ್ಲಿ ಅನೇಕವನ್ನು ಮುಚ್ಚುವುದೇ ಲೇಸೆಂದು ಅವರು ಹೇಳಿದರು. ವೈದ್ಯಶಿಕ್ಷಣದ ತೀರ್ಪುಗಾರರಾದ ಈ ಫ್ಲೆಕ್ಸ್‌ನರ್ ವೈದ್ಯರಲ್ಲ. ಲೂಯಿವಿಲ್ ನಗರದಲ್ಲಿ ಸ್ವಂತ ಶಾಲೆಯನ್ನು ನಡೆಸುತ್ತಿದ್ದು, ನಡುವಯಸ್ಸಿನಲ್ಲಿ ಆ ಕೆಲಸವನ್ನು ಬಿಟ್ಟು ಬಂದವರು. ವೃತ್ತಿ ಬದಲಿಸಿದವರ ದಾರಿಯನ್ನು ಕಠಿಣಗೊಳಿಸಿದ ವರದಿಯನ್ನು ವೃತ್ತಿ ಬದಲಿಸಿದವರೊಬ್ಬರೇ ಬರೆದರೆಂಬುದು ಒಂದು ವಿನೋದ. ರಸಾಯನ, ಭೌತ ಮತ್ತು ಜೀವಶಾಸ್ತ್ರಗಳಲ್ಲಿ ಕಾಲೇಜುಮಟ್ಟದ ಅಭ್ಯಾಸವಿಲ್ಲದವನು ವೈದ್ಯಶಾಲೆಗೆ ಕಾಲಿಡಕೂಡದೆಂಬ ನಿಯಮ ಕ್ರಮೇಣ ಎಲ್ಲೆಡೆಯೂ ನೆಲೆಯೂರಿತು. ರೋಗಿಗಳ ದೃಷ್ಟಿಯಿಂದ ಇದು ಒಳ್ಳೆಯದೇ ಆಯಿತು; ಇದನ್ನು ನಾವು ಸಂಕೋಚವಿಲ್ಲದೆ ಹೇಳಬೇಕು. ಆದರೆ ತೆತ್ತ ಬೆಲೆಯೂ ಸಣ್ಣದಲ್ಲ. ಕಪ್ಪು ಜನರಿಗಾಗಿ ಇದ್ದ ೭ ಶಾಲೆಗಳಲ್ಲಿ ಉಳಿದುವು ಹೋವರ್ಡ್ ಮತ್ತು ಮೆಹಾರಿ ಎಂಬ ಎರಡೇ. ಹಗಲು ದುಡಿದು ಸಂಜೆ ಓದುವವರನ್ನು ಸೇರಿಸಿಕೊಳ್ಳುತ್ತಿದ್ದ ಶಾಲೆಗಳೂ ಮರೆಯಾದುವು. ಇಪ್ಪತ್ತರ ವಯಸ್ಸಿನಲ್ಲಿ ವೈದ್ಯಕವನ್ನು ಆರಿಸಿಕೊಳ್ಳದೆ ಇತಿಹಾಸವನ್ನೋ ಸಾಹಿತ್ಯವನ್ನೋ ಓದಿದವನು ಇನ್ನು ಮುಂದೆ ಮೊದಲು ಹಿಂದಕ್ಕೆ ಹೋಗಿ ವಿಜ್ಞಾನವನ್ನು ಕಲಿಯಬೇಕು, ಆಮೇಲೆ ಮುಂದಕ್ಕೆ ಬರಬೇಕು.

ಯೂರೋಪಿನಲ್ಲಿ ನಿಯಮಗಳು ಬೇರೆಯಾಗಿದ್ದರೂ ತೊಡಕುಗಳಿಗೆ ಕೊರತೆಯಿರಲಿಲ್ಲ. ಆಲ್ಬರ್ಟ್ ಶ್ವೈಟ್ಸರ್ ತತ್ತ್ವಶಾಸ್ತ್ರದಲ್ಲಿಯೂ ದೇವತಾಶಾಸ್ತ್ರದಲ್ಲಿಯೂ ಪದವಿಗಳನ್ನು ಪಡೆದು, ಸ್ಟ್ರಾಸ್‌ಬರ್ಗ್ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾಗಿ, ಆರ್ಗನ್ ವಾದನದಲ್ಲಿಯೂ ಹೆಸರು ಗಳಿಸಿದ್ದವರು. ೧೯೦೫ರಲ್ಲಿ, ತಮ್ಮ ೩೦ನೆಯ ವಯಸ್ಸಿನಲ್ಲಿ, ಆಫ್ರಿಕದಲ್ಲಿ ಸೇವೆ ಮಾಡುವ ಸಲುವಾಗಿ ವೈದ್ಯಕವನ್ನು ಓದಲು ನಿಶ್ಚಯಿಸಿದರು. ಅವರು ತಮ್ಮ ಉದ್ದೇಶವನ್ನು ತಿಳಿಸಿದಾಗ ವೈದ್ಯವಿಭಾಗದ ಮುಖ್ಯಸ್ಥರು, ಈತನನ್ನು ಮಾನಸಿಕ ರೋಗಗಳ ಪ್ರಾಧ್ಯಾಪಕರ ವಶಕ್ಕೆ ಒಪ್ಪಿಸುವುದೇ ಮೇಲೆಂದು ಯೋಚಿಸಿದರಂತೆ. ನಿಜವಾದ ತೊಡಕು ಅದಲ್ಲ. ವಿಶ್ವವಿದ್ಯಾನಿಲಯದ ಅಧ್ಯಾಪಕನಾದವನು ಅಲ್ಲಿಯೇ ವಿದ್ಯಾರ್ಥಿಯಾಗಿ ದಾಖಲಾಗುವಂತಿರಲಿಲ್ಲ. ಅತಿಥಿಯಾಗಿ ಪಾಠಗಳನ್ನು ಕೇಳಿದರೆ ಪರೀಕ್ಷೆಗೆ ಕೂರುವಂತಿರಲಿಲ್ಲ. ಕೊನೆಗೆ, ಪಾಠ ಕೇಳಿದ್ದಾರೆಂದು ವೈದ್ಯವಿಭಾಗದ ಪ್ರಾಧ್ಯಾಪಕರು ಕೊಡುವ ಪ್ರಮಾಣಪತ್ರದ ಆಧಾರದ ಮೇಲೆ ಪರೀಕ್ಷೆಗೆ ಸರ್ಕಾರ ಅನುಮತಿ ಕೊಟ್ಟಿತು. ಸಹೋದ್ಯೋಗಿಯೆಂಬ ಕಾರಣದಿಂದ ಪ್ರಾಧ್ಯಾಪಕರು ಶುಲ್ಕವನ್ನೂ ತೆಗೆದುಕೊಳ್ಳಲಿಲ್ಲ.

ಬಾಗಿಲು ತೆರೆದ ಮೇಲೂ ಹೊರೆ ಇಳಿಯಲಿಲ್ಲ. ಉಪನ್ಯಾಸ, ಭಾನುವಾರದ ಧರ್ಮೋಪದೇಶ, ಬಾಖ್ ಎಂಬ ಸಂಗೀತಗಾರನನ್ನು ಕುರಿತ ಗ್ರಂಥರಚನೆ ಇವೆಲ್ಲವನ್ನೂ ನಡೆಸುತ್ತಲೇ ಅವರು ಓದಿದರು. ಆಯಾಸ ಎಷ್ಟಿತ್ತೆಂಬುದನ್ನು ಮುಂದೆ ಮರೆಮಾಚದೆ ಬರೆದರು. ಶುದ್ಧವಿಜ್ಞಾನದ ಸವಿಯಲ್ಲಿ ಮೈಮರೆತು ಪರೀಕ್ಷೆಯ ಕಡೆ ಗಮನ ಕೊಡದೆ ಇದ್ದ ಅವರು, ಕೊನೆಯ ವಾರಗಳಲ್ಲಿ ತರುಣ ಸಹಪಾಠಿಗಳ ಒತ್ತಾಯಕ್ಕೆ ಮಣಿದು, ಪರೀಕ್ಷೆಗಾಗಿ ಉರುಹೊಡೆಯುವ ಅವರ ಕೂಟಕ್ಕೆ ಸೇರಿಕೊಂಡರು. ಪ್ರೌಢರಾದ ಪದವೀಧರರಿಗೆ ಹೊಸ ವಿದ್ಯೆಯಲ್ಲಿ ಎದುರಾಗುವ ಅಪಾಯ ಇದೇ ಎಂದು ನಮ್ಮ ಅನುಭವವೂ ಹೇಳುತ್ತದೆ: ತಿಳಿಯುವ ಹಸಿವು ಹೆಚ್ಚು, ಅಂಕಗಳ ಕಡೆ ಉಪೇಕ್ಷೆಯೂ ಹೆಚ್ಚು. ೧೯೧೧ರಲ್ಲಿ ಕೊನೆಯ ಪರೀಕ್ಷೆಗಳು ಮುಗಿದುವು. ೧೯೧೩ರಲ್ಲಿ ಸಲ್ಲಿಸಿದ ಪ್ರಬಂಧದಲ್ಲಿ ಅವರು ತಮ್ಮ ಹಳೆಯ ವಿದ್ಯೆಯನ್ನು ಹೊಸದಕ್ಕೆ ಜೋಡಿಸಿದರು. ಯೇಸುವಿನ ಮನಃಸ್ಥಿತಿಯನ್ನು ಕುರಿತು ಆ ಕಾಲದ ಕೆಲವು ಮನೋವೈದ್ಯರು ಬರೆದಿದ್ದ ಅಭಿಪ್ರಾಯಗಳ ವಿಮರ್ಶೆ ಅದು. ಅದೇ ವರ್ಷ ಲಾಂಬರೇನೆಗೆ ಹೊರಟರು. ಇಲ್ಲಿ ಒಂದು ಮಾತನ್ನು ಸೇರಿಸಬೇಕು. ಅವರ ಹಿಂದಿನ ಕೀರ್ತಿ ಎಲ್ಲ ಕಡೆಯೂ ನೆರವಿಗೆ ಬರಲಿಲ್ಲ. ಅವರ ಧಾರ್ಮಿಕ ವಿಚಾರಗಳಿಗೆ ಅಂಜಿದ ಪ್ಯಾರಿಸ್ಸಿನ ಮಿಷನ್ ಸಂಘ ಹಿಂದೇಟು ಹಾಕಿತು. ಅವರು ಸಮಿತಿಯ ಸದಸ್ಯರನ್ನು ಒಬ್ಬೊಬ್ಬರಾಗಿ ಕಂಡು ಮಾತನಾಡಿ, ವೈದ್ಯನಾಗಿ ಮಾತ್ರ ಕೆಲಸ ಮಾಡುವೆನೆಂದೂ ಉಪದೇಶ ಮಾಡುವುದಿಲ್ಲವೆಂದೂ ಭರವಸೆ ಕೊಡಬೇಕಾಯಿತು. ಅಲ್ಲಿ ಅವರ ಹಳೆಯ ವಿದ್ಯೆ ಹೊರಲೇಬೇಕಾದ ಭಾರವಾಗಿ ಪರಿಣಮಿಸಿತ್ತು.

ಇದಕ್ಕೆ ಪ್ರತಿಯಾದ ದೃಷ್ಟಾಂತ ಲಂಡನ್ನಿನ ಸಿಸಿಲಿ ಸಾಂಡರ್ಸ್. ಈ ವಿಷಯದಲ್ಲಿ ನಮಗೆ ತಿಳಿದ ಕಥೆಗಳಲ್ಲೆಲ್ಲ ಹೆಚ್ಚು ಅರ್ಥವತ್ತಾದುದು ಇವರದೇ. ೧೯೧೮ರಲ್ಲಿ ಹುಟ್ಟಿದ ಇವರು ೧೯೩೮ರಲ್ಲಿ ಆಕ್ಸ್‌ಫರ್ಡಿಗೆ ಸೇರಿ ತತ್ತ್ವಶಾಸ್ತ್ರ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರಗಳನ್ನು ಓದತೊಡಗಿದರು. ಯುದ್ಧ ಬಂದಾಗ ಓದನ್ನು ನಿಲ್ಲಿಸಿ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯ ಶಿಕ್ಷಣಕ್ಕೆ ಸೇರಿದರು. ಬೆನ್ನುನೋವಿನಿಂದಾಗಿ ಆ ಕೆಲಸವನ್ನು ಮುಂದುವರಿಸಲಾಗಲಿಲ್ಲ. ಮತ್ತೆ ಆಕ್ಸ್‌ಫರ್ಡಿಗೆ ಹೋಗಿ ಪದವಿಯನ್ನು ಮುಗಿಸಿ, ಆಸ್ಪತ್ರೆಗಳಲ್ಲಿ ಆಲ್ಮೊನರ್ ಎಂದು ಕರೆಯುತ್ತಿದ್ದ ಹುದ್ದೆಗೆ ಬಂದರು. ರೋಗಿಯ ಮನೆಯ ಸ್ಥಿತಿಗತಿ, ಹಣದ ಅಡಚಣೆ, ಮನೆಗೆ ಮರಳಿದ ಮೇಲಿನ ಏರ್ಪಾಡು ಇವುಗಳನ್ನು ವಿಚಾರಿಸಿಕೊಳ್ಳುವ ಕೆಲಸವದು.

ಅಲ್ಲಿ ಡೇವಿಡ್ ಟಾಸ್ಮಾ ಎಂಬ ಪೋಲೆಂಡಿನ ಯಹೂದಿಯ ಪರಿಚಯವಾಯಿತು. ಲಂಡನ್ನಿನಲ್ಲಿ ಬಂಧುಗಳಿಲ್ಲದೆ ಕ್ಯಾನ್ಸರಿನಿಂದ ಸಾಯುತ್ತಿದ್ದ ಆತನ ಬಳಿ ಕುಳಿತು, ಇಂಥವರಿಗೆ ಒಂದು ನೆಲೆ ಹೇಗಿರಬೇಕೆಂದು ಅವರು ಮಾತನಾಡುತ್ತಿದ್ದರು. ೧೯೪೮ರ ಫೆಬ್ರವರಿಯಲ್ಲಿ ತೀರಿಕೊಂಡ ಟಾಸ್ಮಾ, ಮುಂದೆ ಅವರು ಕಟ್ಟುವ ಮನೆಯಲ್ಲಿ ತಾನೊಂದು ಕಿಟಕಿಯಾಗಿರುವೆನೆಂದು ಹೇಳಿ ೫೦೦ ಪೌಂಡುಗಳನ್ನು ಅವರಿಗೆ ಬಿಟ್ಟುಹೋದ. ಆ ಬಳಿಕ ಸಾಂಡರ್ಸ್ ಸಂಜೆಯ ಹೊತ್ತಿನಲ್ಲಿ ಸೇಂಟ್ ಲ್ಯೂಕ್ಸ್ ಎಂಬ, ಸಾಯುವವರ ಆರೈಕೆಯ ಮನೆಯಲ್ಲಿ ಸಂಬಳವಿಲ್ಲದ ಸೇವೆಗೆ ಹೋಗತೊಡಗಿದರು. ಅಲ್ಲಿ ಅವರು ಕಂಡದ್ದು ಒಂದು ಸಣ್ಣ ವಿಷಯ, ಆದರೆ ಮುಂದಿನದಕ್ಕೆಲ್ಲ ಅದೇ ಮೂಲ: ನೋವು ತಡೆಯಲಾರದೆ ರೋಗಿ ಕೂಗುವವರೆಗೆ ಕಾಯದೆ, ಗೊತ್ತಾದ ಹೊತ್ತಿಗೆ ಸರಿಯಾಗಿ ಮಾರ್ಫಿನ್ನನ್ನು ಬಾಯಿಯ ಮೂಲಕ ಕೊಡುತ್ತಿದ್ದರು. ಈ ಕೆಲಸವನ್ನು ದಾದಿಯಾಗಿಯೇ ಮುಂದುವರಿಸಬಹುದೇ ಎಂಬ ಪ್ರಶ್ನೆ ಬಂದಾಗ ಶಸ್ತ್ರವೈದ್ಯ ನಾರ್ಮನ್ ಬ್ಯಾರೆಟ್ ಅವರು, ನೀವು ವೈದ್ಯಕವನ್ನೇ ಓದಬೇಕು, ಸಾಯುವವರ ಕೈಬಿಡುತ್ತಿರುವವರು ವೈದ್ಯರೇ ಎಂಬರ್ಥದ ಸಲಹೆಯನ್ನು ಕೊಟ್ಟರು. ಅನ್ನನಾಳದ ಕಾಯಿಲೆಯೊಂದಕ್ಕೆ ಹೆಸರು ಕೊಟ್ಟ ಬ್ಯಾರೆಟ್ ಇವರೇ. ೧೯೫೧ರಲ್ಲಿ, ೩೩ನೆಯ ವಯಸ್ಸಿನಲ್ಲಿ, ಸಾಂಡರ್ಸ್ ಸೇಂಟ್ ಥಾಮಸ್ ವೈದ್ಯಶಾಲೆಯ ವಿದ್ಯಾರ್ಥಿನಿಯಾದರು, ೧೯೫೭ರಲ್ಲಿ ವೈದ್ಯರಾದರು, ೧೯೬೭ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸನ್ನು ತೆರೆದರು. ಸಾಯುವವನ ನೋವು ದೇಹದ್ದು ಮಾತ್ರವಲ್ಲ, ಮನಸ್ಸಿನದು, ಸಂಸಾರದ್ದು, ಆತ್ಮದ್ದು ಎಲ್ಲವೂ ಸೇರಿದ್ದೆಂದು ಅವರು ಪ್ರತಿಪಾದಿಸಿದ ವಿಚಾರದಲ್ಲಿ ದಾದಿಯೂ ಇದ್ದಾಳೆ, ಆಲ್ಮೊನರಳೂ ಇದ್ದಾಳೆ. ಇಲ್ಲಿ ಒಂದು ಭೇದವನ್ನು ಗುರುತಿಸಬೇಕು. ಸಾಂಡರ್ಸ್ ಅವರ ಪಾಲಿಗೆ ಹಿಂದಿನ ಬದುಕು ಬಲವಾದುದು ಅದು ವಿಶಿಷ್ಟವಾಗಿದ್ದುದರಿಂದಲ್ಲ, ರೋಗಿಯ ಹಾಸಿಗೆಯ ಪಕ್ಕಕ್ಕೆ ಅವರನ್ನು ಮತ್ತೆ ಮತ್ತೆ ತಂದು ನಿಲ್ಲಿಸಿದ್ದರಿಂದ. ಹಾಗಿದ್ದರೂ ಅದು ವಿಜ್ಞಾನದ ಸ್ಥಾನವನ್ನು ತುಂಬಲಿಲ್ಲ. ಆರು ವರ್ಷದ ಓದನ್ನು ಅವರು ಎಲ್ಲರಂತೆಯೇ ಓದಬೇಕಾಯಿತು.

ಅಮೆರಿಕದಲ್ಲಿ ಈ ಎರಡು ಬಗೆಯ ಸಾಕ್ಷ್ಯಗಳನ್ನು, ಎಂದರೆ ವಿಜ್ಞಾನದ ಸಾಕ್ಷ್ಯವನ್ನೂ ರೋಗಿಯ ಪರಿಚಯದ ಸಾಕ್ಷ್ಯವನ್ನೂ, ಅಳೆಯುವ ಯತ್ನ ಸಂಸ್ಥೆಗಳ ರೂಪವನ್ನು ತಾಳಿತು. ವಿದ್ಯಾರ್ಥಿಗಳು ಅರ್ಧದಲ್ಲಿಯೇ ಬಿಟ್ಟುಹೋಗುವುದನ್ನು ತಡೆಯುವ ಸಲುವಾಗಿ ೧೯೨೮ರಲ್ಲಿ ಮಾಸ್ ಎಂಬ ಮನಶ್ಶಾಸ್ತ್ರಜ್ಞರು ಸಿದ್ಧಪಡಿಸಿದ ಪ್ರವೇಶಪರೀಕ್ಷೆಯೇ ಮುಂದೆ ಎಂಕ್ಯಾಟ್ ಎಂದು ಪ್ರಸಿದ್ಧವಾಯಿತು. ಒಂದು ಕಾಲಕ್ಕೆ ಅದರಲ್ಲಿ ಸಾಹಿತ್ಯ, ಸಮಾಜ ಮೊದಲಾದ ಸಾಮಾನ್ಯಜ್ಞಾನದ ಭಾಗವೊಂದಿತ್ತು. ೧೯೭೭ರಲ್ಲಿ ಅದನ್ನು ತೆಗೆದುಹಾಕಿದರು. ೨೦೧೫ರಲ್ಲಿ ಮನಶ್ಶಾಸ್ತ್ರ ಮತ್ತು ಸಮಾಜಶಾಸ್ತ್ರಗಳ ಭಾಗವೊಂದು ಹೊಸದಾಗಿ ಸೇರಿತು. ಕಲಾವಿಭಾಗದ ಪದವೀಧರನ ಓದಿಗೆ ಬೆಲೆಯುಂಟೇ ಎಂಬ ವಿಷಯದಲ್ಲಿ ಪರೀಕ್ಷಕರ ಮನಸ್ಸು ಹೇಗೆ ಹೊಯ್ದಾಡಿತೆಂಬುದಕ್ಕೆ ಇಷ್ಟು ಸಾಕು.

ಹಿಂದಕ್ಕೆ ಹೋಗಿ ವಿಜ್ಞಾನ ಕಲಿಯಬೇಕಾದವರಿಗೆ ಪ್ರತ್ಯೇಕವಾದ ವ್ಯವಸ್ಥೆಯೂ ಬೆಳೆಯಿತು. ಕೊಲಂಬಿಯಾ ವಿಶ್ವವಿದ್ಯಾನಿಲಯ ೧೯೫೫ರಲ್ಲಿಯೂ ಬ್ರಿನ್ ಮಾರ್ ಕಾಲೇಜು ೧೯೭೨ರಲ್ಲಿಯೂ ಪದವೀಧರರಿಗೆಂದೇ ವೈದ್ಯಪೂರ್ವ ವಿಜ್ಞಾನತರಗತಿಗಳನ್ನು ಆರಂಭಿಸಿದುವು. ಇವುಗಳಿಂದಾದ ಮುಖ್ಯ ಪ್ರಯೋಜನ, ಹತ್ತು ವರ್ಷದ ಹಿಂದಿನ ಅಂಕಪಟ್ಟಿಯ ಬದಲು ಇತ್ತೀಚಿನ ಅಂಕಪಟ್ಟಿಯೊಂದನ್ನು ಮುಂದಿಡಲು ಸಾಧ್ಯವಾದುದು. ಹಳೆಯ ಓದಿನಲ್ಲಿ ಎಡವಿದವನು ಅದಕ್ಕೆ ವಿವರಣೆ ಬರೆಯುವುದಕ್ಕಿಂತ, ಈಗಿನ ರಸಾಯನಶಾಸ್ತ್ರದ ತರಗತಿಯಲ್ಲಿ ಚೆನ್ನಾಗಿ ಮಾಡಿ ತೋರಿಸುವುದು ಪ್ರವೇಶಸಮಿತಿಗೆ ಹೆಚ್ಚು ಮನವರಿಕೆಯಾಗುತ್ತದೆ. ಅಲ್ಲಿನ ಅಧ್ಯಾಪಕರು ಬರೆದುಕೊಡುವ ಪತ್ರವೂ ಹಾಗೆಯೇ. ಡಿಕ್ಸನ್ ಮತ್ತು ಅಲೆನ್ ಬ್ಲ್ಯಾಕ್‌ವೆಲ್ ಅವರಿಗೆ ಒದಗಿಸಿದ್ದನ್ನು ಈಗ ತರಗತಿಯ ಅಧ್ಯಾಪಕರು ಒದಗಿಸುತ್ತಾರೆ. ಇವುಗಳ ಜೊತೆಗೆ, ಆಸ್ಪತ್ರೆಯಲ್ಲಿ ಸ್ವಯಂಸೇವೆ ಮಾಡುವುದು, ವೈದ್ಯರ ಬೆನ್ನ ಹಿಂದೆ ನಿಂತು ಅವರ ದಿನಚರಿಯನ್ನು ನೋಡುವುದು ಅರ್ಜಿಯ ಅಂಗವಾಗಿ ಬೆಳೆದುವು. ಇದರಲ್ಲಿ ಸೋಗೂ ಸೇರಿಕೊಂಡಿತು. ಗಂಟೆಗಳನ್ನು ಎಣಿಸಿ ಪಟ್ಟಿ ಮಾಡುವವರು ಹೆಚ್ಚಿದರು. ಸಾಂಡರ್ಸ್ ಸೇಂಟ್ ಲ್ಯೂಕ್ಸಿಗೆ ಗಂಟೆ ಎಣಿಸಲು ಹೋದವರಲ್ಲ.

ವಿಜ್ಞಾನದ ಮುಂಗಡ ಓದು ಇಲ್ಲದಿದ್ದರೆ ಕೆಡುಕಾಗುವುದೇ ಎಂಬುದನ್ನು ಕೆಲವು ಸಂಸ್ಥೆಗಳು ಪರೀಕ್ಷಿಸಿಯೂ ನೋಡಿವೆ. ೧೯೬೯ರಲ್ಲಿ ಮೊದಲ ತರಗತಿಯನ್ನು ಸೇರಿಸಿಕೊಂಡ ಕೆನಡಾದ ಮೆಕ್‌ಮಾಸ್ಟರ್ ಶಾಲೆ ನಿರ್ದಿಷ್ಟ ವಿಜ್ಞಾನಪಾಠಗಳನ್ನು ಕಡ್ಡಾಯ ಮಾಡಲಿಲ್ಲ. ಒಂದೇ ದೀರ್ಘ ಸಂದರ್ಶನಕ್ಕೆ ಬದಲಾಗಿ ಕಿರುಸಂದರ್ಶನಗಳ ಸರಣಿಯನ್ನು ರೂಢಿಗೆ ತಂದದ್ದೂ ಅದೇ. ನ್ಯೂಯಾರ್ಕಿನ ಮೌಂಟ್ ಸೈನಾಯ್ ಶಾಲೆ ೧೯೮೭ರಿಂದ ಸಾಹಿತ್ಯ ಮತ್ತು ಸಮಾಜವಿಜ್ಞಾನಗಳ ಕೆಲವು ವಿದ್ಯಾರ್ಥಿಗಳನ್ನು, ಅವರು ಕಾಲೇಜಿನಲ್ಲಿ ಓದುತ್ತಿರುವಾಗಲೇ, ಪ್ರವೇಶಪರೀಕ್ಷೆಯಿಲ್ಲದೆ ಆರಿಸಿಕೊಂಡಿತು. ೨೦೧೦ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಇವರ ಸಾಧನೆ ಇತರರಿಗೆ ಒಟ್ಟಿನಲ್ಲಿ ಸರಿಸಮವಾಗಿಯೇ ಇತ್ತು. ಇವರು ವೃತ್ತಿ ಬದಲಿಸಿದವರಲ್ಲ, ಎಳೆಯರು. ಆದ್ದರಿಂದ ಈ ಫಲಿತಾಂಶವನ್ನು ನಮ್ಮ ಪ್ರಶ್ನೆಗೆ ಎಚ್ಚರಿಕೆಯಿಂದ ಅನ್ವಯಿಸಬೇಕು. ಆಸ್ಟ್ರೇಲಿಯದಲ್ಲಿ ಫ್ಲಿಂಡರ್ಸ್ ೧೯೯೬ರಲ್ಲಿ, ಸಿಡ್ನಿ ಮತ್ತು ಕ್ವೀನ್ಸ್‌ಲೆಂಡ್ ೧೯೯೭ರಲ್ಲಿ ಪದವೀಧರರಿಗೆಂದೇ ನಾಲ್ಕು ವರ್ಷದ ಶಿಕ್ಷಣವನ್ನು ಏರ್ಪಡಿಸಿದುವು. ಅದಕ್ಕಾಗಿ ರೂಪಿಸಿದ ಗ್ಯಾಮ್‌ಸ್ಯಾಟ್ ಪರೀಕ್ಷೆಯಲ್ಲಿ ವಿಜ್ಞಾನದ ಜೊತೆಗೆ ಪ್ರಬಂಧರಚನೆಯೂ ಮಾನವಿಕ ವಿಷಯಗಳ ವಿಚಾರಶಕ್ತಿಯೂ ಸೇರಿವೆ. ಬ್ರಿಟನ್ನಿನಲ್ಲಿ ೨೦೦೦ದಲ್ಲಿ ಸೇಂಟ್ ಜಾರ್ಜಸ್ ಮತ್ತು ವಾರ್ವಿಕ್ ಇದೇ ದಾರಿಯನ್ನು ಹಿಡಿದುವು.

ನಮ್ಮ ದೇಶದಲ್ಲಿ ಪದವೀಧರರಿಗಾಗಿ ಇಂಥ ಪ್ರತ್ಯೇಕವಾದ ದಾರಿ ಬೆಳೆದಿಲ್ಲ. ಪಿ.ಯು.ಸಿ. ಮುಗಿಸಿದ ಹದಿನೇಳು ಹದಿನೆಂಟರ ವಯಸ್ಸಿನವರೊಡನೆ ಒಂದೇ ಪ್ರವೇಶಪರೀಕ್ಷೆಗೆ ಕುಳಿತು ಶ್ರೇಣಿ ಗಳಿಸಬೇಕು, ಎಂ.ಬಿ.ಬಿ.ಎಸ್. ಪ್ರವೇಶಕ್ಕೆ ಸಂದರ್ಶನವಿಲ್ಲ, ಸ್ವವಿವರಣೆಯ ಪ್ರಬಂಧವಿಲ್ಲ, ಅಧ್ಯಾಪಕರ ಪತ್ರವಿಲ್ಲ. ಹತ್ತು ವರ್ಷದ ಶುಶ್ರೂಷೆಯ ಅನುಭವವನ್ನು ಬರೆದು ತೋರಿಸಲು ಅರ್ಜಿಯಲ್ಲಿ ಜಾಗವೇ ಇಲ್ಲ. ಇದರಿಂದ ಪಕ್ಷಪಾತಕ್ಕೆ ಅವಕಾಶ ಕಡಮೆಯಾಗುವುದೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಬಿ.ಎಸ್‌ಸಿ. ಪದವೀಧರರಿಗೆ ಭಾರತೀಯ ವೈದ್ಯಕೀಯ ಪರಿಷತ್ತಿನ ೧೯೯೭ರ ನಿಯಮಗಳಲ್ಲಿ ಅವಕಾಶವಿತ್ತು. ಆದರೆ ಅವರೂ ಹಿಂದಿನ ಹಂತದಲ್ಲಿ ಭೌತ, ರಸಾಯನ, ಜೀವಶಾಸ್ತ್ರಗಳನ್ನು ಓದಿರಬೇಕಾಗಿತ್ತು. ಆ ಹಂತದಲ್ಲಿ ಜೀವಶಾಸ್ತ್ರವನ್ನು ಬಿಟ್ಟಿದ್ದವರಿಗೆ ೨೦೨೩ರ ನವೆಂಬರಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊರಡಿಸಿದ ಪ್ರಕಟಣೆ ಸ್ವಲ್ಪಮಟ್ಟಿಗೆ ಬಾಗಿಲು ತೆರೆಯಿತು. ಹನ್ನೆರಡನೆಯ ತರಗತಿಯ ಬಳಿಕ ಅದನ್ನು ಹೆಚ್ಚುವರಿ ವಿಷಯವಾಗಿ ತೇರ್ಗಡೆ ಮಾಡಿಕೊಂಡವರೂ ಪರೀಕ್ಷೆಗೆ ಅರ್ಹರಾದರು. ಇದೂ ಒಂದರ್ಥದಲ್ಲಿ ಹಿಂದಕ್ಕೆ ಹೋಗಿ ಬರುವ ದಾರಿಯೇ.

ವಯಸ್ಸಿನ ವಿಷಯ ಇನ್ನೊಂದು. ೨೦೧೮ರಲ್ಲಿ ನಮ್ಮಲ್ಲಿ ಈ ಪರೀಕ್ಷೆಗೆ ೨೫ ವರ್ಷದ ಗರಿಷ್ಠ ಮಿತಿಯನ್ನೂ, ಮೀಸಲು ವರ್ಗಗಳಿಗೆ ೩೦ ವರ್ಷದ ಮಿತಿಯನ್ನೂ ವಿಧಿಸಲಾಯಿತು. ವಿಷಯ ನ್ಯಾಯಾಲಯಗಳಿಗೆ ಹೋಯಿತು. ಸರ್ವೋಚ್ಚ ನ್ಯಾಯಾಲಯದ ಮಧ್ಯಂತರ ಆದೇಶದಿಂದ ಹಿರಿಯ ವಯಸ್ಸಿನವರು ಪರೀಕ್ಷೆಗೆ ಕೂರುವಂತಾಯಿತು. ೨೦೨೨ರ ಮಾರ್ಚಿಯಲ್ಲಿ ಆಯೋಗವೇ ಮಿತಿಯನ್ನು ತೆಗೆದುಹಾಕಿತು. ಜಿನೀವಾದ ತರಗತಿಗೆ ಬಂದಾಗ ಬ್ಲ್ಯಾಕ್‌ವೆಲ್ ಅವರಿಗೆ ೨೬, ಸ್ಟ್ರಾಸ್‌ಬರ್ಗಿನಲ್ಲಿ ಶ್ವೈಟ್ಸರ್ ಅವರಿಗೆ ೩೦, ಸೇಂಟ್ ಥಾಮಸ್ಸಿನಲ್ಲಿ ಸಾಂಡರ್ಸ್ ಅವರಿಗೆ ೩೩. ಆ ೨೫ರ ಮಿತಿಯನ್ನು ಹಿಡಿದರೆ ಈ ಮೂವರ ಅರ್ಜಿಗಳನ್ನೂ ಕಚೇರಿಯ ಮೊದಲ ಮೇಜಿನಲ್ಲಿಯೇ ಹಿಂದಿರುಗಿಸುತ್ತಿದ್ದರು.